ಹಾರ್ಪರ್ಸ್ ಫೆರಿ ನೋಡುವ ಬಗೆ: ಮೊದಲ ಸಲ ಹೋಗುವವರಿಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತ, ವರ್ಜೀನಿಯಾ ಮತ್ತು ಮೇರಿಲ್ಯಾಂಡಿನ ಬಡಾವಣೆಗಳಲ್ಲಿ, ಕನ್ನಡದ ಮನೆಗಳು ಬೇಕಾದಷ್ಟಿವೆ. ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ ಬಂದಿಳಿದರೆ ತೋರಿಸುವ ಜಾಗಗಳ ಪಟ್ಟಿ ಸಿದ್ಧವಾಗಿರುತ್ತದೆ: ಶ್ವೇತಭವನ, ಲಿಂಕನ್ ಸ್ಮಾರಕ, ಒಂದು ವಾರಾಂತ್ಯ ನ್ಯೂಯಾರ್ಕ್, ಇನ್ನೊಂದು ವಾರಾಂತ್ಯ ನಯಾಗರ. ಮನೆಯಿಂದ ಒಂದು-ಒಂದೂವರೆ ಗಂಟೆ ದೂರದ ಹಾರ್ಪರ್ಸ್ ಫೆರಿ ಆ ಪಟ್ಟಿಯಲ್ಲಿ ಇರುವುದು ಅಪರೂಪ. ಹೋದವರೂ ನದಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಐಸ್‌ಕ್ರೀಂ ತಿಂದು, ಎರಡು ಗಂಟೆಯೊಳಗೆ ಕಾರು ಹತ್ತುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ವೆಸ್ಟ್ ವರ್ಜೀನಿಯಾದ ಪೂರ್ವದ ತುದಿಯಲ್ಲಿರುವ ಈ ಊರಿನ ಜನಸಂಖ್ಯೆ 300 ಕೂಡ ಇಲ್ಲ. ಆದರೆ ಬಂದೂಕಿನ ಕಾರ್ಖಾನೆ, ಕಾಲುವೆ, ರೈಲು, ಗುಲಾಮಗಿರಿಯ ವಿರುದ್ಧ ಎದ್ದ ದಾಳಿ, ಅಂತರ್ಯುದ್ಧ, ಬಿಡುಗಡೆಯಾದವರ ಶಾಲೆ, ನಾಗರಿಕ ಹಕ್ಕುಗಳ ಮೊದಲ ಸಭೆಗಳಲ್ಲೊಂದು ಎಲ್ಲವೂ ಈ ಒಂದೇ ಕಣಿವೆಯಲ್ಲಿ ನಡೆದಿವೆ. ಒಂದು ಕ್ರಮದಲ್ಲಿ ನೋಡದಿದ್ದರೆ ಒಂದರ ಮೇಲೊಂದು ಬಿದ್ದು ಯಾವುದೂ ತಲೆಗೆ ಹತ್ತುವುದಿಲ್ಲ. ಆ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಊರಿಗೆ ಪೂರ್ತಿ ಒಂದು ದಿನ ಇಡಿ, ಸುತ್ತಲಿನ ಜಾಗಗಳಿಗೆ ಇನ್ನೊಂದು ದಿನ ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಹಿಂದಿನ ರಾತ್ರಿ ಕತೆ ತಿಳಿದುಕೊಳ್ಳಿ

ಇಲ್ಲಿ ಅರಮನೆಯಿಲ್ಲ, ಎತ್ತರದ ಗೋಪುರವಿಲ್ಲ. ಇರುವುದು ಸಣ್ಣ ಇಟ್ಟಿಗೆ ಕಟ್ಟಡಗಳು, ಗೋಡೆ ಹೋಗಿ ಉಳಿದ ಅಡಿಪಾಯಗಳು, ನೀರಿನ ನಡುವೆ ನಿಂತ ಒಂಟಿ ಕಂಬಗಳು. ಕತೆ ಗೊತ್ತಿದ್ದವರಿಗೆ ಮಾತ್ರ ಇವು ಏನೋ ಹೇಳುತ್ತವೆ. ಆದ್ದರಿಂದ ಇಷ್ಟನ್ನಾದರೂ ಮನೆಯಲ್ಲೇ ಎಲ್ಲರಿಗೂ ಹೇಳಿಬಿಡಿ.

1747ರಲ್ಲಿ ರಾಬರ್ಟ್ ಹಾರ್ಪರ್ ಎಂಬಾತ ಇಲ್ಲಿಗೆ ಬಂದು ನದಿ ದಾಟಿಸುವ ದೋಣಿ ನಡೆಸತೊಡಗಿದ. ಊರಿಗೆ ಆತನ ಹೆಸರೇ ನಿಂತಿತು. ಪೊಟೊಮ್ಯಾಕ್ ಮತ್ತು ಶೆನಂಡೋವಾ ನದಿಗಳು ಇಲ್ಲಿ ರಭಸದಿಂದ ಇಳಿದು ಕೂಡುತ್ತವೆ. ಆ ನೀರಿನ ಬಲದಿಂದ ಯಂತ್ರ ತಿರುಗಿಸಬಹುದೆಂದು ಜಾರ್ಜ್ ವಾಷಿಂಗ್ಟನ್ ಈ ಜಾಗವನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಆರಿಸಿದ. 1799ರಲ್ಲಿ ಕಟ್ಟುವ ಕೆಲಸ ಶುರುವಾಯಿತು. 1801ರಿಂದ 1861ರವರೆಗೆ ಇಲ್ಲಿ ತಯಾರಾದ ಬಂದೂಕು, ಪಿಸ್ತೂಲುಗಳು 6 ಲಕ್ಷಕ್ಕೂ ಹೆಚ್ಚು.

1859ರ ಅಕ್ಟೋಬರ್ 16, ಭಾನುವಾರ ರಾತ್ರಿ. ಜಾನ್ ಬ್ರೌನ್ ಎಂಬ 59 ವರ್ಷದ ಬಿಳಿಯ, ತಾನು ಕಟ್ಟಿದ್ದ 21 ಜನರ ತಂಡದ 18 ಮಂದಿಯೊಡನೆ ಮೇರಿಲ್ಯಾಂಡ್ ಕಡೆಯಿಂದ ರೈಲುಸೇತುವೆಯ ಮೇಲೆ ನಡೆದು ಊರೊಳಗೆ ಬಂದ. ತಂಡದಲ್ಲಿ ಐವರು ಕಪ್ಪುಜನ, ಉಳಿದವರು ಬಿಳಿಯರು. ಆಯುಧಗಳನ್ನು ಹಿಡಿದು, ಗುಲಾಮರನ್ನು ಬಿಡಿಸಿ, ಬೆಟ್ಟಗಳಲ್ಲಿ ನೆಲೆ ಮಾಡಿಕೊಂಡು ದಕ್ಷಿಣದುದ್ದಕ್ಕೂ ಗುಲಾಮಗಿರಿಯನ್ನು ಅಲುಗಾಡಿಸುವುದು ಆತನ ಯೋಚನೆ. ಶಸ್ತ್ರಾಗಾರ ಸುಲಭವಾಗಿ ಕೈಗೆ ಬಂತು. ಆದರೆ ಆ ರಾತ್ರಿ ತಡೆದು ನಿಲ್ಲಿಸಿದ್ದ ರೈಲನ್ನು ಬ್ರೌನ್ ಬೆಳಗಿನ ಜಾವಕ್ಕೆ ಬಿಟ್ಟುಕೊಟ್ಟ. ರೈಲಿನವರು ಮುಂದೆ ಹೋಗಿ ತಂತಿ ಹೊಡೆದು ಸುದ್ದಿ ಮುಟ್ಟಿಸಿದರು. ಊರಿನವರೂ ಸುತ್ತಲ ದಂಡಿನವರೂ ಮುತ್ತಿಗೆ ಹಾಕಿದಾಗ ಬ್ರೌನ್ ಒತ್ತೆಯಾಳುಗಳ ಸಮೇತ ಬೆಂಕಿ ಆರಿಸುವ ಯಂತ್ರದ ಕೋಣೆಯೊಳಗೆ ಸೇರಿಕೊಂಡ. 18ರ ಬೆಳಿಗ್ಗೆ ರಾಬರ್ಟ್ ಲೀಯ ಅಪ್ಪಣೆಯಂತೆ ಸರ್ಕಾರದ ಮರೀನ್ ಸೈನಿಕರು ಬಾಗಿಲು ಒಡೆದು ಆತನನ್ನು ಹಿಡಿದರು. ದಾಳಿಯವರಲ್ಲಿ ಹತ್ತು ಮಂದಿ ಸತ್ತರು. ಅವರಲ್ಲಿ ಬ್ರೌನನ ಇಬ್ಬರು ಗಂಡುಮಕ್ಕಳಿದ್ದರು. ಐವರು ತಪ್ಪಿಸಿಕೊಂಡರು. ಬ್ರೌನ್ ಸೇರಿ ಏಳು ಮಂದಿಗೆ ಗಲ್ಲಾಯಿತು. ಒಂದೂವರೆ ವರ್ಷದೊಳಗೆ ದೇಶ ಎರಡಾಗಿ ಯುದ್ಧಕ್ಕೆ ನಿಂತಿತು. ಅದೇ ರಾಬರ್ಟ್ ಲೀ ಮುಂದೆ ದಕ್ಷಿಣದ ಸೈನ್ಯದ ದಂಡನಾಯಕನಾದ.

ಈ ಕತೆಯೊಳಗೆ ಒಬ್ಬನ ಹೆಸರನ್ನು ಬೇರೆಯಾಗಿ ನೆನಪಿಡಿ: ಡೇಂಜರ್‌ಫೀಲ್ಡ್ ನ್ಯೂಬಿ. ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದಿದ್ದವನು. ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ವರ್ಜೀನಿಯಾದಲ್ಲಿ ಇನ್ನೂ ಗುಲಾಮರಾಗಿಯೇ ಇದ್ದರು. ದಾಳಿಯವರಲ್ಲಿ ಮೊದಲು ಪ್ರಾಣ ಬಿಟ್ಟವನು ಇವನೇ. ತನ್ನನ್ನು ಬೇರೆಯವರಿಗೆ ಮಾರುವ ಮುಂಚೆ ಬಂದು ಬಿಡಿಸಿಕೊಳ್ಳೆಂದು ಹೆಂಡತಿ ಬೇಡಿಕೊಂಡು ಬರೆದ ಕಾಗದಗಳು ಅವನು ಸತ್ತ ಮೇಲೆ ಸಿಕ್ಕವು. ಅಂದು ಅವನು ಬಿದ್ದ ಬೀದಿಯಲ್ಲೇ ನಾಳೆ ನೀವು ನಡೆಯಲಿರುವುದು.

ಹಂತ 2: ದಿನ ಮತ್ತು ಹೊತ್ತು ಗೊತ್ತುಮಾಡಿ

ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ ಬೆಟ್ಟದ ಎಲೆಗಳೆಲ್ಲ ಕೆಂಪು-ಹಳದಿಯಾಗಿರುತ್ತವೆ. ದಾಳಿಯ ತಿಂಗಳೂ ಅದೇ. ಜನವೂ ಆಗಲೇ ಹೆಚ್ಚು. ರಜೆ ಸಿಕ್ಕರೆ ವಾರದ ನಡುವಿನ ದಿನ ಹೋಗಿ. ಶನಿವಾರ, ಭಾನುವಾರವೇ ಗತಿಯಾದರೆ ಬೆಳಿಗ್ಗೆ ಒಂಬತ್ತು-ಒಂಬತ್ತೂವರೆಗೆ ಅಲ್ಲಿರಿ. ಜುಲೈ, ಆಗಸ್ಟಿನಲ್ಲಿ ಕಣಿವೆಯೊಳಗೆ ಸೆಕೆ ಜಾಸ್ತಿ, ವಯಸ್ಸಾದವರಿಗೆ ಮಧ್ಯಾಹ್ನ ಹತ್ತುವುದು ಕಷ್ಟ. ನನ್ನನ್ನು ಕೇಳಿದರೆ ನವೆಂಬರ್ ಕೊನೆಯೇ ಚೆನ್ನ. ಎಲೆ ಉದುರಿರುತ್ತದೆ, ನದಿ, ಬೆಟ್ಟ, ಹಳೆಯ ಗೋಡೆ ಎಲ್ಲ ಮರೆಯಿಲ್ಲದೆ ಕಾಣುತ್ತವೆ, ಬೀದಿ ಶಾಂತವಾಗಿರುತ್ತದೆ.

ಊರಿನ ನಡುವೆಯೇ ರೈಲು ನಿಲ್ದಾಣವಿದೆಯೆಂದು ವಾಷಿಂಗ್ಟನ್ನಿನಿಂದ ರೈಲಿನಲ್ಲಿ ಹೋಗಿ ಬರುವ ಯೋಚನೆ ಬೇಡ. ಮಾರ್ಕ್ ಹೆಸರಿನ ಲೋಕಲ್ ರೈಲು ಕಚೇರಿಗೆ ಹೋಗುವವರಿಗಾಗಿ ಇರುವಂಥದ್ದು, ಬೆಳಿಗ್ಗೆ ವಾಷಿಂಗ್ಟನ್ ಕಡೆಗೆ ಹೋಗುತ್ತದೆ, ಸಂಜೆ ಹಿಂದಿರುಗುತ್ತದೆ. ನಿಮಗೆ ಬೇಕಾದದ್ದು ಅದರ ಉಲ್ಟಾ. ಕಾರೇ ಸರಿ.

ಹಂತ 3: ಕಾರನ್ನು ಮೇಲೆಯೇ ಬಿಡಿ

ಕೆಳಗಿನ ಹಳೇ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲವೆಂದು ಇಟ್ಟುಕೊಳ್ಳಿ. 340ನೇ ಹೆದ್ದಾರಿಯ ಪಕ್ಕ, ಗುಡ್ಡದ ಮೇಲೆ, ರಾಷ್ಟ್ರೀಯ ಉದ್ಯಾನ ಇಲಾಖೆಯ ವಿಸಿಟರ್ ಸೆಂಟರ್ ಇದೆ. ಅಲ್ಲಿ ಕಾರು ಬಿಟ್ಟು ಇಲಾಖೆಯ ಬಸ್ಸಿನಲ್ಲಿ ಕೆಳಗೆ ಇಳಿಯಬೇಕು. ಪ್ರವೇಶ ಶುಲ್ಕ ಕಾರಿನ ಲೆಕ್ಕದಲ್ಲಿ. ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ನಡೆಯುವ ವಾರ್ಷಿಕ ಪಾಸ್ ನಿಮ್ಮಲ್ಲಿದ್ದರೆ ಅದೇ ಸಾಕು. ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಚಾಲಕರನ್ನು ಕೇಳಿ ಬರೆದಿಟ್ಟುಕೊಳ್ಳಿ. ಋತುವಿಗೆ ತಕ್ಕಂತೆ ಅದು ಬದಲಾಗುತ್ತದೆ.

ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಬೀದಿಗಳು ಏರು, ಮೆಟ್ಟಿಲುಗಳು ಬರೀ ಬಂಡೆಯಲ್ಲಿ ಕಡಿದವು, ಮಳೆ ಬಂದರೆ ಜಾರುತ್ತವೆ. ಕುಡಿಯುವ ನೀರು ಕೈಯಲ್ಲಿರಲಿ. ಊರಿನ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಸ್ವಲ್ಪವೇ. ಚಪಾತಿ-ಪಲ್ಯವೋ ಚಿತ್ರಾನ್ನವೋ ಕಟ್ಟಿಕೊಂಡರೆ ಹಿರಿಯರಿಗೆ ಒಳ್ಳೆಯದು, ಕೆಳಗೆ ಹುಲ್ಲುಹಾಸಿನ ಮೇಲೆ ಕೂತು ತಿನ್ನಬಹುದು.

ಜೊತೆಗೆ ಮಕ್ಕಳಿದ್ದರೆ ಸೆಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಿಕೆ ಕೇಳಿ ಪಡೆಯಿರಿ. ನೋಡಿದ್ದನ್ನು ಬರೆದು, ಪ್ರಶ್ನೆಗಳಿಗೆ ಉತ್ತರಿಸಿ ತೋರಿಸಿದ ಮಗುವಿಗೆ ಒಂದು ಬ್ಯಾಡ್ಜ್ ಸಿಗುತ್ತದೆ. ಅದಕ್ಕಾಗಿ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಫಲಕ ಓದುತ್ತಾರೆ. ಚಪ್ಪಟೆ ಅಂಚಿನ ಟೋಪಿ ಹಾಕಿದ ರೇಂಜರುಗಳು ಅಂದು ಎಷ್ಟು ಹೊತ್ತಿಗೆ ಎಲ್ಲಿ ಮಾತಾಡುತ್ತಾರೆಂದೂ ವಿಚಾರಿಸಿ. ಅವರ ಜೊತೆ ಅರ್ಧ ಗಂಟೆ ನಡೆದರೆ ಹತ್ತು ಫಲಕ ಓದುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಪ್ರಶ್ನೆ ಕೇಳಲು ಹಿಂಜರಿಯಬೇಡಿ, ಅವರಿಗೆ ಅದೇ ಇಷ್ಟ.

ಹಂತ 4: ಮೊದಲು ಸಂಗಮಕ್ಕೆ ಹೋಗಿ

ಬಸ್ಸಿನಿಂದ ಇಳಿದವರು ಸಾಲು ಅಂಗಡಿಗಳ ಕಡೆ ತಿರುಗುವುದು ರೂಢಿ. ನೀವು ನೇರವಾಗಿ ನೆಲ ಮುಗಿದು ನೀರು ಶುರುವಾಗುವ ತುದಿಗೆ ನಡೆಯಿರಿ. ಅದನ್ನು ದಿ ಪಾಯಿಂಟ್ ಎನ್ನುತ್ತಾರೆ. ನಿಮ್ಮ ಎಡಕ್ಕೆ ಪೊಟೊಮ್ಯಾಕ್, ಬಲಕ್ಕೆ ಶೆನಂಡೋವಾ. ಎಡಗಡೆ ಆಚೆ ದಡದ ಬೆಟ್ಟ ಮೇರಿಲ್ಯಾಂಡ್, ಬಲಗಡೆಯ ಬೆಟ್ಟ ವರ್ಜೀನಿಯಾ, ನೀವು ನಿಂತಿರುವುದು ವೆಸ್ಟ್ ವರ್ಜೀನಿಯಾ. ಬ್ರೌನ್ ಬಂದಾಗ ಈ ದಡವೂ ವರ್ಜೀನಿಯಾವೇ ಆಗಿತ್ತು. ಯುದ್ಧದ ನಡುವೆ, 1863ರಲ್ಲಿ, ಪಶ್ಚಿಮ ಭಾಗ ಬೇರೆ ರಾಜ್ಯವಾಯಿತು.

ಇಲ್ಲಿ ಅವಸರ ಮಾಡಬೇಡಿ. ನೀರಿನೊಳಗೆ ಸಾಲಾಗಿ ನಿಂತ ಕಲ್ಲಿನ ಕಂಬಗಳನ್ನು ನೋಡಿ, ಅವುಗಳ ಮೇಲೆ ಸೇತುವೆ ಇಲ್ಲ. 1936ರ ಮಹಾಪೂರದಲ್ಲಿ ನೀರು 36.5 ಅಡಿ ಏರಿ ಸೇತುವೆಗಳನ್ನು ಹೊತ್ತುಕೊಂಡು ಹೋಯಿತು. ಈ ಊರು ಕಂಡ ಅತಿ ದೊಡ್ಡ ನೆರೆ ಅದು. ಕೆಳಪೇಟೆಯ ಕಟ್ಟಡದ ಮೇಲೆ ಬೇರೆಬೇರೆ ವರ್ಷದ ನೆರೆ ಎಲ್ಲಿಯವರೆಗೆ ಬಂದಿತ್ತೆಂಬ ಗುರುತುಗಳಿವೆ. ಅದರ ಕೆಳಗೆ ಅಪ್ಪನನ್ನೋ ಮಗಳನ್ನೋ ನಿಲ್ಲಿಸಿ ನೋಡಿ, ಎತ್ತರ ಅರ್ಥವಾಗುತ್ತದೆ. ಕಾರ್ಖಾನೆಗಳನ್ನು ಕಟ್ಟಿಸಿದ್ದು ಈ ನೀರೇ. ಯುದ್ಧದಲ್ಲಿ ಉಳಿದದ್ದನ್ನು 1870ರಿಂದೀಚೆಗೆ ಮತ್ತೆ ಮತ್ತೆ ಬಂದು ತೊಳೆದದ್ದೂ ಈ ನೀರೇ. ಇಷ್ಟು ದೊಡ್ಡ ಇತಿಹಾಸದ ಊರು ಇಷ್ಟು ಚಿಕ್ಕದಾಗಿ ಏಕೆ ಉಳಿಯಿತೆಂಬುದು ಇಲ್ಲಿ ನಿಂತರೆ ತಿಳಿಯುತ್ತದೆ.

ಎದುರಿನ ಮೇರಿಲ್ಯಾಂಡ್ ಬೆಟ್ಟದ ಬುಡದಲ್ಲಿ ರೈಲಿನ ಸುರಂಗ ಕಾಣುತ್ತದೆ. ಬಾಲ್ಟಿಮೋರ್-ಒಹಾಯೋ ರೈಲು ಮತ್ತು ವಾಷಿಂಗ್ಟನ್ನಿನಿಂದ ಬರುವ ಕಾಲುವೆ ಎರಡೂ 1830ರ ದಶಕದಲ್ಲಿ ಇಲ್ಲಿಗೆ ತಲುಪಿದವು. ಒಂದೇ ಇಕ್ಕಟ್ಟಾದ ಕಣಿವೆಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸಿ ಕೊನೆಗೆ ಗೆದ್ದದ್ದು ರೈಲು. ಬೆಟ್ಟದ ಬಂಡೆಯ ಮೈಯನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಮಾಸಿದ ಬಿಳಿ ಅಕ್ಷರಗಳ ಗುರುತು ಸಿಗುತ್ತದೆ. ರೈಲಿನ ಪ್ರಯಾಣಿಕರಿಗೆ ಕಾಣಲೆಂದು ಮೆನೆನ್ ಪೌಡರಿನವರು ಬರೆಸಿದ ಹಳೆಯ ಜಾಹೀರಾತು ಅದು.

ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳೆತ ಬಲವಾಗಿದೆ, ಈಜು ಬಲ್ಲವರೂ ಇಲ್ಲಿ ಮುಳುಗಿದ್ದಾರೆ.

ಹಂತ 5: ಕೋಟೆಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ

ಸಂಗಮದಿಂದ ಹಿಂದಿರುಗಿದರೆ ಕೆಲವೇ ಹೆಜ್ಜೆಯಲ್ಲಿ ಜಾನ್ ಬ್ರೌನನ ಕೋಟೆ. ಕೋಟೆಯೆಂಬ ಹೆಸರು ಕೇಳಿ ಬಂದವರು ಇದೇನಾ ಎನ್ನುತ್ತಾರೆ. ಒಂದೇ ಅಂತಸ್ತಿನ ಇಟ್ಟಿಗೆ ಕಟ್ಟಡ, ಮುಂದೆ ಕಮಾನಿನ ದೊಡ್ಡ ಬಾಗಿಲುಗಳು, ಮೇಲೆ ಗಂಟೆಯ ಚಿಕ್ಕ ಗೋಪುರ. 1848ರಲ್ಲಿ ಶಸ್ತ್ರಾಗಾರದ ಬೆಂಕಿ ಆರಿಸುವ ಯಂತ್ರ ಇಡಲು, ಕಾವಲುಗಾರರಿಗೆ ಇರಲು ಕಟ್ಟಿದ ಕೋಣೆ ಇದು. ಒಳಗೆ ಹೋಗಿ ನಿಂತು, ಮುತ್ತಿಗೆಯ ಕೊನೆಯ ರಾತ್ರಿ ಇದರೊಳಗೆ ಗಾಯಾಳುಗಳು, ಒತ್ತೆಯಾಳುಗಳು, ಸಾಯುತ್ತಿದ್ದ ಮಗ, ಎಲ್ಲರೂ ಇದ್ದರೆಂದು ನೆನೆಯಿರಿ. ಜಾಗ ಎಷ್ಟು ಇಕ್ಕಟ್ಟೆಂಬುದು ಒಳಗೆ ಹೋಗದೆ ತಿಳಿಯುವುದಿಲ್ಲ.

ಈಗ ಹೊರಗೆ ಬಂದು ಕೇಳಿ: ಇದು ಮೊದಲಿನಿಂದಲೂ ಇಲ್ಲೇ ಇತ್ತೇ? ಯಾರು ಉಳಿಸಿದರು? ಯಾವಾಗ, ಏಕೆ? ಯಾವ ಐತಿಹಾಸಿಕ ಜಾಗಕ್ಕೆ ಹೋದರೂ ಈ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಈ ಬರಹದಲ್ಲಿ ಒಂದೇ ಮಾತು ಇಟ್ಟುಕೊಂಡು ಉಳಿದದ್ದನ್ನು ಬಿಡಿ ಎಂದರೆ ನಾನು ಇದನ್ನೇ ಉಳಿಸುತ್ತೇನೆ.

ಇಲ್ಲಿ ಸಿಗುವ ಉತ್ತರ ಬೆರಗು ಹುಟ್ಟಿಸುತ್ತದೆ. 1891ರಲ್ಲಿ ಈ ಕಟ್ಟಡವನ್ನು ಕೊಂಡವರು ಇಟ್ಟಿಗೆ ಇಟ್ಟಿಗೆ ಬಿಚ್ಚಿ ಶಿಕಾಗೋಗೆ ಸಾಗಿಸಿದರು. ಅಲ್ಲಿನ ವಿಶ್ವ ಮೇಳದ ಹೊತ್ತಿಗೆ ಟಿಕೆಟ್ ಇಟ್ಟು ತೋರಿಸುವ ಯೋಜನೆ. ಹತ್ತು ದಿನದಲ್ಲಿ ನೋಡಲು ಬಂದವರು 11 ಜನ. ಮತ್ತೆ ಬಿಚ್ಚಿ ಹಾಕಿ ಅಲ್ಲೇ ಬಿಟ್ಟರು. ಕೇಟ್ ಫೀಲ್ಡ್ ಎಂಬ ಪತ್ರಕರ್ತೆ ಹಟ ಹಿಡಿದು ಹಣ ಕೂಡಿಸಿ, ರೈಲಿನವರಿಂದ ಸಾಗಣೆಯ ನೆರವು ಪಡೆದು, 1895ರಲ್ಲಿ ಅದನ್ನು ವಾಪಸು ತರಿಸಿದಳು. ಆದರೆ ಮೂಲ ಜಾಗದ ಮೇಲೆ ಅಷ್ಟರಲ್ಲಿ ರೈಲಿನ ಏರಿ ಎದ್ದಿತ್ತು. ಹಾಗಾಗಿ ಊರ ಹೊರಗೆ ಮರ್ಫಿ ಎಂಬುವರ ಹೊಲದಲ್ಲಿ ಮತ್ತೆ ಕಟ್ಟಿದರು. ಅಲ್ಲಿಂದ ಸುಮಾರು 1910ರಲ್ಲಿ ಗುಡ್ಡದ ಮೇಲೆ ಬಿಡುಗಡೆಯಾದ ಗುಲಾಮರಿಗಾಗಿ ಶುರುವಾಗಿದ್ದ ಸ್ಟೋರರ್ ಕಾಲೇಜಿನವರು ತಮ್ಮ ಅಂಗಳಕ್ಕೆ ತಂದರು. 1968ರಲ್ಲಿ ಉದ್ಯಾನ ಇಲಾಖೆ ಕೆಳಗೆ ತಂದು ಈಗಿನ ಜಾಗದಲ್ಲಿ ನಿಲ್ಲಿಸಿತು. ಮೂಲ ಸ್ಥಳ ಇಲ್ಲಿಂದ ಸುಮಾರು 150 ಅಡಿ ದೂರ, ಏರಿಯ ಮೇಲೆ. ಒಂದು ಚೂಪು ಕಲ್ಲಿನ ಕಂಬ ಅದರ ಗುರುತು. ಮೂಲ ಗಂಟೆ ಇಲ್ಲಿಲ್ಲ. ಯುದ್ಧದ ಕಾಲದಲ್ಲಿ ಮ್ಯಾಸಚೂಸೆಟ್ಸ್‌ನ ಸೈನಿಕರು ಕೊಂಡೊಯ್ದ ಅದು ಇಂದಿಗೂ ಅಲ್ಲಿನ ಮಾರ್ಲ್‌ಬರೋ ಊರಿನಲ್ಲಿದೆ.

ಇಷ್ಟು ಸಲ ಬಿಚ್ಚಿ ಕಟ್ಟಿದ ಕಟ್ಟಡವನ್ನು ಅಸಲಿ ಎನ್ನಬಹುದೇ? ಎನ್ನಬಹುದೆಂದೇ ನನ್ನ ನಂಬಿಕೆ. ಅದನ್ನು ಹೊತ್ತು ತಿರುಗಿದವರ ಶ್ರದ್ಧೆಯೂ ಅದರ ಇತಿಹಾಸದಲ್ಲಿ ಸೇರಿದೆ.

ಹತ್ತಿರದಲ್ಲೇ ಪೊಟೊಮ್ಯಾಕ್ ಬೀದಿಯಲ್ಲಿ ಇನ್ನೊಂದು ಕಲ್ಲಿದೆ, ತಪ್ಪಿಸಬೇಡಿ. ದಾಳಿಯ ರಾತ್ರಿ ಮೊದಲು ಗುಂಡೇಟು ತಿಂದು ಸತ್ತವನು ಹೇವರ್ಡ್ ಶೆಫರ್ಡ್. ರೈಲು ನಿಲ್ದಾಣದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ ಸ್ವತಂತ್ರ ಕಪ್ಪುವ್ಯಕ್ತಿ. ಗುಲಾಮರನ್ನು ಬಿಡಿಸಲು ಬಂದವರ ಗುಂಡಿಗೆ ಅವನೇ ಬಲಿಯಾದದ್ದು ಈ ಕತೆಯ ದೊಡ್ಡ ನೋವು. ಆದರೆ ಅವನ ಹೆಸರಿನ ಈ ಕಲ್ಲನ್ನು ನಿಲ್ಲಿಸಿದ್ದು 1931ರಲ್ಲಿ, ಅದೂ ದಕ್ಷಿಣದ ಸೈನಿಕರ ವಂಶಸ್ಥರ ಸಂಘಗಳು. ಗುಲಾಮರು ಒಡೆಯರಿಗೆ ನಿಷ್ಠರಾಗಿ ನೆಮ್ಮದಿಯಿಂದಿದ್ದರೆಂದು ಹೇಳಲು ಅವನ ಸಾವನ್ನು ಬಳಸಿಕೊಂಡರು. ಕಪ್ಪುಜನರ ಹಕ್ಕುಗಳಿಗೆ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ಮರುವರ್ಷ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡುಬೋಯ್ಸ್ ಬರೆದ ಉತ್ತರದ ಫಲಕವನ್ನು ಸ್ಟೋರರ್ ಕಾಲೇಜಿನಲ್ಲಿ ಇಡಿಸಲು ಹೋದಾಗ ಕಾಲೇಜು ಒಪ್ಪಲಿಲ್ಲ. ಆ ಮಾತುಗಳು ಅದೇ ಅಂಗಳದಲ್ಲಿ ಕಲ್ಲಿನ ಮೇಲೆ ಬರುವ ಹೊತ್ತಿಗೆ 2006 ಆಗಿತ್ತು. ಈಗ ಶೆಫರ್ಡ್ ಕಲ್ಲಿನ ಪಕ್ಕದಲ್ಲಿ ಇಲಾಖೆ ವಿವರಣೆಯ ಫಲಕ ಹಾಕಿದೆ, ಎರಡನ್ನೂ ಓದಿ. ಕಲ್ಲಿನಲ್ಲಿ ಕೆತ್ತಿದ್ದಾರೆಂದ ಮಾತ್ರಕ್ಕೆ ಯಾವುದೂ ಸತ್ಯವಾಗುವುದಿಲ್ಲವೆಂದು ಮಕ್ಕಳಿಗೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಹಂತ 6: ಊಟ ಮುಗಿಸಿ ಮೆಟ್ಟಿಲು ಹತ್ತಿ

ಹೈ ಸ್ಟ್ರೀಟಿನ ಬದಿಯಿಂದ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಮೇಲೇರುತ್ತವೆ. ದಾರಿಯಲ್ಲಿ ಸಿಗುವ ಹಾರ್ಪರ್ ಹೌಸ್ ಕೆಳಪೇಟೆಯ ಅತಿ ಹಳೆಯ ಕಟ್ಟಡ. ಕಟ್ಟಿಸಿದ ಹಾರ್ಪರ್ ಅದರಲ್ಲಿ ಬಾಳಲಿಲ್ಲ, 1782ರಲ್ಲೇ ತೀರಿಕೊಂಡ. ಇನ್ನೂ ಮೇಲೆ ಸೇಂಟ್ ಪೀಟರ್ಸ್ ಚರ್ಚು, ಅದನ್ನು ದಾಟಿದರೆ ಇನ್ನೊಂದು ಚರ್ಚಿನ ಮಾಡಿಲ್ಲದ ಗೋಡೆಗಳು, ಆಮೇಲೆ ಜೆಫರ್ಸನ್ ಬಂಡೆ. 1783ರ ಅಕ್ಟೋಬರಿನಲ್ಲಿ ಥಾಮಸ್ ಜೆಫರ್ಸನ್ ಇಲ್ಲಿ ನಿಂತು ಸಂಗಮವನ್ನು ನೋಡಿ, ವರ್ಜೀನಿಯಾದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಬಹುವಾಗಿ ಹೊಗಳಿದ. ಒಂದರ ಮೇಲೊಂದು ಕೂತ ಕಲ್ಲುಚಪ್ಪಡಿಗಳು ಕುಸಿಯದಿರಲೆಂದು 1850ರ ದಶಕದ ಕೊನೆಯ ಹೊತ್ತಿಗೆ ನಾಲ್ಕು ಕಲ್ಲಿನ ಊರೆ ಕೊಟ್ಟಿದ್ದಾರೆ. ಹತ್ತಿ ನಿಲ್ಲುವಂತಿಲ್ಲ.

ಈ ದಾರಿಯಲ್ಲಿ ಮರದ ಮೇಲೋ ಕಂಬದ ಮೇಲೋ ಅಂಗೈಯುದ್ದದ ಬಿಳಿ ಬಣ್ಣದ ಪಟ್ಟಿ ಕಂಡರೆ ನಿಲ್ಲಿ. ಜಾರ್ಜಿಯಾದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾದು 3,500 ಕಿಲೋಮೀಟರ್‌ನಷ್ಟು ಉದ್ದ ಸಾಗುವ ಅಪಲೇಚಿಯನ್ ಟ್ರೇಲ್‌ನ ಗುರುತು ಅದು. ಆ ಕಾಲುದಾರಿ ಈ ಊರೊಳಗೇ ಹಾದುಹೋಗುತ್ತದೆ. ಅದನ್ನು ನೋಡಿಕೊಳ್ಳುವ ಸಂಸ್ಥೆಯ ಕಚೇರಿಯೂ ಮೇಲಿನ ವಾಷಿಂಗ್ಟನ್ ಸ್ಟ್ರೀಟಿನಲ್ಲಿದೆ. ಪೂರ್ತಿ ದಾರಿ ನಡೆಯುವವರು ಅರ್ಧದ ಆಸುಪಾಸಿನಲ್ಲಿ ಇಲ್ಲಿಗೆ ಬಂದಾಗ ಅವರ ಫೋಟೊ ತೆಗೆದು ಆಲ್ಬಮ್ಮಿನಲ್ಲಿ ಸೇರಿಸುತ್ತಾರೆ. ಬೇಸಿಗೆಯಲ್ಲಿ ಗಡ್ಡ ಬಿಟ್ಟು ದೊಡ್ಡ ಚೀಲ ಹೊತ್ತ ಯಾರಾದರೂ ಎದುರಾದರೆ ಮಾತಾಡಿಸಿ.

ಬಂಡೆ ನೋಡಿದ ಮೇಲೆ ಹೆಚ್ಚಿನವರು ಇಳಿದುಬಿಡುತ್ತಾರೆ. ನೀವು ಇನ್ನೂ ಮೇಲಕ್ಕೆ, ಕ್ಯಾಂಪ್ ಹಿಲ್‌ವರೆಗೆ ನಡೆಯಿರಿ. ಮೊಣಕಾಲು ನೋವಿರುವ ಹಿರಿಯರನ್ನು ಬಸ್ಸಿನಲ್ಲಿ ಮೇಲೆ ಕಳಿಸಿ ಆಮೇಲೆ ಕಾರಿನಲ್ಲಿ ಇಲ್ಲಿಗೆ ಕರೆತರಬಹುದು. ನನಗೆ ಈ ಊರಿನಲ್ಲಿ ಅತಿ ಪ್ರಿಯವಾದ ಜಾಗ ಇದು. ಶಸ್ತ್ರಾಗಾರದ ಅಧಿಕಾರಿಗಳು ವಾಸವಿದ್ದ ಮನೆಗಳಲ್ಲಿ ಯುದ್ಧ ಮುಗಿದೊಡನೆ ಬಿಡುಗಡೆಯಾದ ಗುಲಾಮರಿಗೆ ಅಕ್ಷರ ಕಲಿಸತೊಡಗಿದರು. ಮೇನ್ ರಾಜ್ಯದ ಜಾನ್ ಸ್ಟೋರರ್ 10,000 ಡಾಲರ್ ಕೊಟ್ಟ, ಜಾತಿ-ಬಣ್ಣ, ಗಂಡು-ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಪ್ರವೇಶ ಇರಬೇಕೆಂಬ ಕರಾರಿನ ಮೇಲೆ. 1867ರಲ್ಲಿ ಸ್ಟೋರರ್ ಶಾಲೆ ಶುರುವಾಯಿತು, ಮುಂದೆ ಅದೇ ಸ್ಟೋರರ್ ಕಾಲೇಜಾಯಿತು. ಬಂದೂಕಿನ ಊರಿನಲ್ಲಿ ಬಳಪ ಬಂತು.

ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪುಜನರ ನಾಯಕ ಫ್ರೆಡರಿಕ್ ಡಗ್ಲಸ್ ಇದರ ಟ್ರಸ್ಟಿಯಾಗಿದ್ದ. ದಾಳಿಗೆ ಮುಂಚೆ ಬ್ರೌನ್ ಆತನನ್ನು ಜೊತೆಗೆ ಬಾ ಎಂದು ಕರೆದಿದ್ದ. ಇದು ಸಾವಿನ ಬೋನೆಂದು ಡಗ್ಲಸ್ ಒಪ್ಪಿರಲಿಲ್ಲ. 1881ರಲ್ಲಿ ಆತ ಇದೇ ಅಂಗಳದಲ್ಲಿ ಬ್ರೌನನ ಬಗ್ಗೆ ಭಾಷಣ ಮಾಡಿದಾಗ, ಬ್ರೌನನಿಗೆ ಗಲ್ಲು ಕೊಡಿಸಿದ ಸರ್ಕಾರಿ ವಕೀಲ ಆಂಡ್ರ್ಯೂ ಹಂಟರ್ ವೇದಿಕೆಯ ಮೇಲೆ ಕೂತು ಕೇಳಿದ. 1906ರ ಆಗಸ್ಟಿನಲ್ಲಿ ಕಪ್ಪುಜನರ ಸಮಾನ ಹಕ್ಕಿಗಾಗಿ ಡುಬೋಯ್ಸ್ ಮತ್ತು ಸಂಗಾತಿಗಳು ಕಟ್ಟಿದ ನಯಾಗರ ಚಳವಳಿ ಇಲ್ಲಿ ಸಭೆ ಸೇರಿತು. ಒಂದು ಮುಂಜಾನೆ ಅವರು ಸಾಲಾಗಿ ಮರ್ಫಿ ಹೊಲದಲ್ಲಿದ್ದ ಕೋಟೆಯವರೆಗೆ ನಡೆದರು. ಪುಣ್ಯಭೂಮಿಯೆಂದು ಬೂಟು ಕಳಚಿ ಬರಿಗಾಲಲ್ಲಿ ಹೋದವರೂ ಇದ್ದರು. ಎನ್‌ಎಎಸಿಪಿ ಹುಟ್ಟಿದ್ದು ಇದಾದ ಮೂರು ವರ್ಷಕ್ಕೆ. ನೈಜೀರಿಯಾದ ಮೊದಲ ಅಧ್ಯಕ್ಷ ಎನ್ನಾಮ್ಡಿ ಅಜಿಕಿವೆ ಕೂಡ ಈ ಶಾಲೆಯಲ್ಲಿ ಓದಿದವನು. ಕಪ್ಪು-ಬಿಳಿ ಮಕ್ಕಳಿಗೆ ಬೇರೆಬೇರೆ ಶಾಲೆ ಕೂಡದೆಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟ ಮೇಲೆ ರಾಜ್ಯ ಸರ್ಕಾರ ಅನುದಾನ ನಿಲ್ಲಿಸಿತು. ಮರುವರ್ಷ ಕಾಲೇಜು ಮುಚ್ಚಿತು.

ಹೊತ್ತಿದ್ದರೆ ಮರ್ಫಿ ಹೊಲಕ್ಕೂ ಹೋಗಿ. ಕೋಟೆ ನಿಂತಿದ್ದ ಅಡಿಪಾಯದ ಗುರುತು ಹುಲ್ಲಿನ ನಡುವೆ ಉಳಿದಿದೆ.

ಹಂತ 7: ಕಾಲಲ್ಲಿ ಕಸುವಿದ್ದವರಿಗೆ ಮೇರಿಲ್ಯಾಂಡ್ ಹೈಟ್ಸ್

ಪತ್ರಿಕೆಗಳಲ್ಲಿ ಕಾಣುವ ಊರಿನ ಆ ಪ್ರಸಿದ್ಧ ಚಿತ್ರ ಎದುರು ಬೆಟ್ಟದ ಬಂಡೆಯಿಂದ ತೆಗೆದದ್ದು. ರೈಲುಸೇತುವೆಗೆ ಅಂಟಿದಂತಿರುವ ಕಾಲುಸೇತುವೆಯಲ್ಲಿ ಪೊಟೊಮ್ಯಾಕ್ ದಾಟಿ, ಹಳೆಯ ಕಾಲುವೆಯ ಬದಿಯ ದಾರಿಗೆ ಇಳಿದು, ಅಲ್ಲಿಂದ ಬೆಟ್ಟ ಹತ್ತಬೇಕು. ಕೆಳಪೇಟೆಯಿಂದ ಹೋಗಿ ಬರಲು ಏಳು ಕಿಲೋಮೀಟರಿಗೂ ಹೆಚ್ಚು, ಕಡಿದಾದ ಏರು. ಮೂರು-ನಾಲ್ಕು ಗಂಟೆ ಬೇಕು. ಇದನ್ನು ಮಾಡುವುದಾದರೆ ಬೆಳಿಗ್ಗೆ ಮೊದಲು ಮಾಡಿ, ಉಳಿದ ಹಂತಗಳನ್ನು ಮಧ್ಯಾಹ್ನಕ್ಕೆ ಹಾಕಿ. ತುದಿಯಲ್ಲಿ ತಡೆಬೇಲಿಯಿಲ್ಲದ ಕಡೆ ಸೆಲ್ಫಿಯ ಹಟ ಬೇಡ. ಇಳಿದು ಬಂದ ಮೇಲೆ ಕಾಲು, ಕುತ್ತಿಗೆ, ಕಿವಿಯ ಹಿಂದೆ ಟಿಕ್ ಎನ್ನುವ ಉಣುಗು ಅಂಟಿದೆಯೇ ನೋಡಿಕೊಳ್ಳಿ. ಅದರಿಂದ ಲೈಮ್ ಎಂಬ ಕಾಯಿಲೆ ಬರಬಹುದು.

ಹಂತ 8: ಎರಡನೇ ದಿನ ಸುತ್ತಲಿನ ಊರುಗಳಿಗೆ

ಬೆಳಿಗ್ಗೆ ಮೊದಲು ಬೊಲಿವರ್ ಹೈಟ್ಸ್. ಊರಿನ ಬೆನ್ನಿಗಿರುವ ದಿಣ್ಣೆ, ಕಾರಿನಲ್ಲೇ ಹೋಗಬಹುದು. 1862ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಸುತ್ತಲ ಬೆಟ್ಟಗಳಿಂದ ಫಿರಂಗಿ ಹಾರಿಸಿ ಇಲ್ಲಿದ್ದ ಒಕ್ಕೂಟದ (ಉತ್ತರದ ಕಡೆಯ) 12,000ಕ್ಕೂ ಹೆಚ್ಚು ಸೈನಿಕರನ್ನು ಶರಣಾಗಿಸಿದ. ಇಡೀ ಅಂತರ್ಯುದ್ಧದಲ್ಲಿ ಒಕ್ಕೂಟದ ಕಡೆಯ ಅತಿ ದೊಡ್ಡ ಶರಣಾಗತಿ. ಬಟ್ಟಲಿನ ತಳದಲ್ಲಿ ಕೂತವನಂತೆ ಈ ಊರನ್ನು ಕಾಯುವುದು ಎಷ್ಟು ಕಷ್ಟವಿತ್ತೆಂದು ಇಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ನಾಲ್ಕು ವರ್ಷದಲ್ಲಿ ಊರು ಎಂಟು ಸಲ ಕೈ ಬದಲಾಯಿಸಿತು.

ಅಲ್ಲಿಂದ ಶಾರ್ಪ್ಸ್‌ಬರ್ಗ್ ಬಳಿಯ ಆಂಟಿಟಮ್ ರಣಭೂಮಿಗೆ ಮುಕ್ಕಾಲು ಗಂಟೆಯೊಳಗಿನ ದಾರಿ. ಶರಣಾಗತಿ ಆದದ್ದು ಸೆಪ್ಟೆಂಬರ್ 15ಕ್ಕೆ, ಆಂಟಿಟಮ್ ಕದನ 17ಕ್ಕೆ. ಒಂದೇ ಹಗಲಿನಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಐದು ದಿನ ಕಳೆದು ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದ. ಬ್ರೌನ್ ಬಂದೂಕಿನಿಂದ ಮಾಡಲು ಹೊರಟದ್ದು ಮೂರು ವರ್ಷದೊಳಗೆ ಸರ್ಕಾರದ ಕಾಗದದ ಮೇಲೆ ಬಂತು, ನಡುವೆ ಈ ಹೊಲ ಇತ್ತು.

ಇಲ್ಲಿ ಕಾರಿನಲ್ಲೇ ಸುತ್ತುವ ಹದಿಮೂರು-ಹದಿನಾಲ್ಕು ಕಿಲೋಮೀಟರಿನ ದಾರಿಯಿದೆ, ನಿಲ್ಲುವ ಜಾಗಗಳಿಗೆ ನಂಬರ್ ಇದೆ. ವೇಳೆ ಕಡಿಮೆಯಿದ್ದರೆ ಮೂರು ಕಡೆ ಇಳಿಯಿರಿ: ಬಿಳಿಯ ಡಂಕರ್ ಚರ್ಚು, ಹೆಣಗಳಿಂದ ತುಂಬಿಹೋಗಿದ್ದ ತಗ್ಗಿನ ಗಾಡಿದಾರಿ, ಮತ್ತು ಬರ್ನ್‌ಸೈಡ್ ಸೇತುವೆ. ಮೂರು ಕಮಾನಿನ ಈ ಕಲ್ಲುಸೇತುವೆಯ ಒಂದು ತುದಿಗೆ ದೊಡ್ಡ ಸಿಕಮೋರ್ ಮರವಿದೆ. ಕದನ ಮುಗಿದ ಕೆಲ ದಿನಕ್ಕೆ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಫೋಟೊದಲ್ಲಿ ಅದು ಆಳೆತ್ತರಕ್ಕಿಂತ ಸ್ವಲ್ಪವೇ ದೊಡ್ಡ ಗಿಡ. ಆ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಅದೇ ಕೋನದಲ್ಲಿ ನಿಂತು ಹೋಲಿಸಿ.

ಮಧ್ಯಾಹ್ನದ ಊಟಕ್ಕೆ ಪೊಟೊಮ್ಯಾಕ್ ದಾಟಿ ಶೆಪರ್ಡ್ಸ್‌ಟೌನಿಗೆ ಬನ್ನಿ. ಕಾಲೇಜಿನ ಊರು, ತಿನ್ನಲು ಒಂದಿಷ್ಟು ಆಯ್ಕೆಯಿದೆ. 1787ರಲ್ಲಿ ಜೇಮ್ಸ್ ರಮ್ಸಿ ಇಲ್ಲಿನ ನದಿಯಲ್ಲಿ ಆವಿದೋಣಿ ನಡೆಸಿ ತೋರಿಸಿದ, ಅವನ ನೆನಪಿನ ಕಂಬ ನದಿಯ ಮೇಲಿನ ದಿಬ್ಬದಲ್ಲಿದೆ.

ಕೊನೆಗೆ ಚಾರ್ಲ್ಸ್ ಟೌನ್. ಜಾರ್ಜ್ ವಾಷಿಂಗ್ಟನ್ನನ ತಮ್ಮ ಚಾರ್ಲ್ಸ್ ಕಟ್ಟಿದ ಊರು. ಪೇಟೆ ಚೌಕದ ಕೋರ್ಟಿನಲ್ಲಿ ಬ್ರೌನನ ವಿಚಾರಣೆ ನಡೆಯಿತು. ಗಾಯ ಮಾಯದ ಆತ ಮಂಚದ ಮೇಲೆ ಮಲಗಿಯೇ ವಾದ ಕೇಳಿದ. 1859ರ ಡಿಸೆಂಬರ್ 2ರಂದು ತನ್ನದೇ ಶವಪೆಟ್ಟಿಗೆಯ ಮೇಲೆ ಕೂತು ಗಾಡಿಯಲ್ಲಿ ಗಲ್ಲಿನ ಜಾಗಕ್ಕೆ ಹೋದ. ಕಾವಲಿದ್ದ ದಂಡಿನಲ್ಲಿ ಸ್ಟೋನ್‌ವಾಲ್ ಜಾಕ್ಸನ್ ಇದ್ದ. ಮುಂದೆ ಲಿಂಕನ್ನನನ್ನು ಕೊಂದ ಜಾನ್ ವಿಲ್ಕ್ಸ್ ಬೂತ್ ಕೂಡ ಇದ್ದ. ಇದೇ ಕೋರ್ಟಿನಲ್ಲಿ 1922ರಲ್ಲಿ, ಕಲ್ಲಿದ್ದಲ ಗಣಿ ಕಾರ್ಮಿಕರ ಬಂಡಾಯದ ಮುಂದಾಳು ಬಿಲ್ ಬ್ಲಿಝರ್ಡ್ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಬಿಡುಗಡೆಯಾಯಿತು. ಬ್ರೌನನನ್ನು ಗಲ್ಲಿಗೆ ಒಯ್ದ ಆ ಗಾಡಿಯನ್ನು ಜೆಫರ್ಸನ್ ಕೌಂಟಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ಕೋರ್ಟು ಇಂದಿಗೂ ನಡೆಯುವ ಕೋರ್ಟು. ಒಳಗೆ ಬಿಡುತ್ತಾರೆಯೇ ಎಂದು ಬಾಗಿಲಲ್ಲಿ ಇರುವವರನ್ನು ಕೇಳಿ. ಮ್ಯೂಸಿಯಂ ಎಲ್ಲ ದಿನ, ಎಲ್ಲ ಕಾಲ ತೆರೆದಿರುವುದಿಲ್ಲ, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಗಲ್ಲು ನಿಂತಿದ್ದ ಜಾಗ ಸೌತ್ ಸ್ಯಾಮ್ಯುಯೆಲ್ ಸ್ಟ್ರೀಟಿನ ಒಂದು ಹಳೆಯ ಮನೆಯ ಅಂಗಳ. ಅದು ಖಾಸಗಿ ಮನೆ, ಬೀದಿಯಲ್ಲಿ ನಿಂತು ಫಲಕ ಓದಿ, ಗೇಟಿನೊಳಗೆ ಹೋಗಬೇಡಿ. ದಾಳಿಗೆ ಮುಂಚೆ ಬ್ರೌನ್ ತಂಡ ಅಡಗಿದ್ದ ಮೇರಿಲ್ಯಾಂಡಿನ ಕೆನಡಿ ಫಾರ್ಮ್ ಕೂಡ ಖಾಸಗಿಯವರ ಕೈಯಲ್ಲಿದೆ. ಆಂಟಿಟಮ್‌ಗೆ ಹೋಗುವ ದಾರಿಯಲ್ಲಿ ಸ್ವಲ್ಪ ಬಳಸಿದರೆ ರಸ್ತೆಯಿಂದಲೇ ಆ ಮರದ ಮನೆ ಕಾಣುತ್ತದೆ. ಅದನ್ನು ಸೇರಿಸಿಕೊಳ್ಳುವುದಾದರೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಡಿ.